ಸೊಂಟದ ಅಳತೆ

ಹಾಸ್ಟೆಲ್, ಕೊಪ್ಪ
16 ಜೂನ್ 2024, ಭಾನುವಾರ

ಅಪ್ಪಾ,

ಮೊದಲ ಸಾಲಿನಲ್ಲಿ ‘ನಾನು ಕ್ಷೇಮ’ ಎಂದು ಬರೆಯದಿದ್ದರೆ ವಾರ್ಡನ್ ಮೇಡಂ ಕಾಗದ ವಾಪಸ್ ಕೊಡುತ್ತಾರೆ. ಆದ್ದರಿಂದ ನಾನು ಕ್ಷೇಮ.

ಒಂಬತ್ತನೇ ಕ್ಲಾಸಿಗೆ ಬಂದರೂ ಫೋನಿನ ರೂಲ್ಸು ಬದಲಾಗಿಲ್ಲ. ತಿಂಗಳಿಗೊಮ್ಮೆ ಆಫೀಸಿನ ಫೋನಿನಲ್ಲಿ ಎರಡು ನಿಮಿಷ. ಹಿಂದೆ ಮೂವತ್ತು ಹುಡುಗಿಯರ ಸಾಲು, ಪಕ್ಕದಲ್ಲಿ ಮೇಡಂ. ಅದರಲ್ಲಿ ಏನು ಮಾತಾಡುತ್ತೀಯ ಹೇಳು. ಭಾನುವಾರ ಬೆಳಿಗ್ಗೆ ಮಾತ್ರ ಎಲ್ಲರೂ ಊಟದ ಹಾಲ್‌ನಲ್ಲಿ ಕೂತು ಮನೆಗೆ ಕಾಗದ ಬರೆಯಲೇಬೇಕು. ಅಂಟಿಸುವ ಮುಂಚೆ ಮೇಡಂ ಒಮ್ಮೆ ಕಣ್ಣಾಡಿಸುತ್ತಾರೆ. (ಮೇಡಂ, ನಮಸ್ತೆ.)

ರೂಮಿನಲ್ಲಿ ಈ ಸಲವೂ ನನ್ನ ಪಕ್ಕದ ಮಂಚ ಹಿರೇಕೊಡಿಗೆಯ ಅರ್ಪಣಾಳದ್ದೇ. ಅವಳು ನಿದ್ದೆಯಲ್ಲಿ ಇನ್ನೂ ಮಗ್ಗಿ ಹೇಳುತ್ತಾಳೆ. ಲೆಕ್ಕಕ್ಕೆ ಯೋಗೇಂದ್ರ ಸರ್ ಬಂದಿದ್ದಾರೆ. ಪ್ರತಿ ಶನಿವಾರ ಟೆಸ್ಟು. ಮೊದಲ ಟೆಸ್ಟಿನಲ್ಲಿ ಇಪ್ಪತ್ತೈದಕ್ಕೆ ಇಪ್ಪತ್ತೈದು ನನಗೆ ಮಾತ್ರ.

ಇನ್ನೊಂದು ವಿಷಯ. ಶುಕ್ರವಾರದಿಂದ ಹೊಟ್ಟೆನೋವು. ಕೆಳಹೊಟ್ಟೆ, ಯಾರೋ ಒಳಗಿನಿಂದ ಹಿಂಡಿದ ಹಾಗೆ. ನಿನ್ನೆಯ ಟೆಸ್ಟನ್ನು ಬೆಂಚಿಗೆ ಹೊಟ್ಟೆ ಒತ್ತಿಕೊಂಡು ಬರೆದೆ. ಇವತ್ತು ಸ್ವಲ್ಪ ಕಡಿಮೆ. ಇದು ಮನೆಗೆ ಬರುವ ನಾಟಕ ಅಲ್ಲ, ಮೊದಲೇ ಹೇಳಿಬಿಡುತ್ತೇನೆ.

ನಿನ್ನ
ನಿಚ್ಚಿ


ಮುತ್ತಿನಕೊಪ್ಪ
21 ಜೂನ್ 2024

ನನ್ನ ನಿಚ್ಚಿ,

ಕಾಗದ ಬಂತು. ಇಪ್ಪತ್ತೈದಕ್ಕೆ ಇಪ್ಪತ್ತೈದು ಎನ್ನುವ ಸಾಲನ್ನು ಅಂಗಡಿಗೆ ಬಂದವರಿಗೆಲ್ಲ ಓದಿ ಹೇಳಿದೆ. ಶೇಷಪ್ಪ ಟೀ ಗ್ಲಾಸು ಹಿಡಿದುಕೊಂಡೇ, “ಮಾರಾಯ ಕಾಂತೇಶ, ಇದು ನಿನ್ನ ಮಗ್ಳೇ ಹೌದಾ? ನಿಂಗೆ ಅಂಗಿ ಬಟ್ಟೆ ಎರಡೂವರೆ ಮೀಟ್ರಾ ಮೂರಾ ಅನ್ನೋ ಲೆಕ್ಕನೇ ಬರಲ್ಲ” ಎಂದ. ಅವನ ಪ್ಯಾಂಟು ಇನ್ನು ಎರಡು ವಾರ ಮಿಷಿನ್ನಿನ ಕೆಳಗೇ ಇರುತ್ತದೆ, ನೋಡುತ್ತಿರು.

ಯೂನಿಫಾರಂ ಸೀಸನ್ನು. ಮುತ್ತಿನಕೊಪ್ಪದ ಅರ್ಧ ಮಕ್ಕಳ ಸೊಂಟ, ತೋಳು, ಎದೆ ನನ್ನ ಅಳತೆ ಪುಸ್ತಕದಲ್ಲಿದೆ. ಮೊದಲ ಹಾಳೆಯಲ್ಲಿ ಎಂದಿನಂತೆ ನಿನ್ನದು. ಸೊಂಟ ಇಪ್ಪತ್ತನಾಲ್ಕು, ಹೋದ ವರ್ಷದಷ್ಟೇ. ಸರಿಯಾಗಿ ಉಣ್ಣು ಮಾರಾಯ್ತಿ.

ಹೊಟ್ಟೆನೋವಿನ ವಿಚಾರ. ಹೋದ ವರ್ಷ ನವೆಂಬರಿನಲ್ಲಿ ಹೊಟ್ಟೆನೋವು ಎಂದು ಅತ್ತು ಮನೆಗೆ ಬಂದವಳು ಅರ್ಧ ಗಂಟೆಯಲ್ಲಿ ಆರು ನೀರುದೋಸೆ ತಿಂದೆಯಲ್ಲ, ಅದನ್ನು ನಾನು ಮರೆತಿಲ್ಲ. ಶುಕ್ರವಾರ ನೋವು, ಶನಿವಾರ ಟೆಸ್ಟು. ಯಾರಿಗೆ ಹೇಳುತ್ತೀಯ? ಓಮಿನ ಕಾಳು ಹುರಿದು ಉಪ್ಪು ಬೆರೆಸಿ ಡಬ್ಬಿಯಲ್ಲಿ ಹಾಕಿದ್ದೇನೆ. ಕಂಡಕ್ಟರ್ ಪುಟ್ಟಪ್ಪ ಕೊಪ್ಪದಲ್ಲಿ ಗೇಟಿಗೆ ಕೊಡುತ್ತಾನೆ.

ಹೆಂಗಸರ ಹತ್ತಿರ ಹೇಳುವಂಥದ್ದು ಏನಾದರೂ ಇದ್ದರೆ ಬಾಳೆಹೊನ್ನೂರಿನ ಅತ್ತೆಗೆ ಬರೆ. ನಮ್ಮ ಮನೆತನದಲ್ಲಿ ಅಂಥ ಸುದ್ದಿ ಮೊದಲು ಸೋದರತ್ತೆಗೇ ಹೋಗಬೇಕು. ಅಪ್ಪನಿಗೆ ಯಾರೂ ಹೇಳುವುದಿಲ್ಲ, ಅಪ್ಪ ಕೇಳುವುದೂ ಇಲ್ಲ. ನಿನ್ನಮ್ಮ ಬದುಕಿದ್ದಿದ್ದರೆ ಈ ನಾಲ್ಕು ಸಾಲು ಬರೆಯುವ ಗ್ರಹಚಾರ ನನಗೆ ಇರುತ್ತಿರಲಿಲ್ಲ. ಬರೆದು ಬೆವರು ಬಂತು.

ಅಪ್ಪ


ಕೊಪ್ಪ
14 ಜುಲೈ 2024, ಭಾನುವಾರ

ಅಪ್ಪಾ,

ನಾನು ಕ್ಷೇಮ ಎಂದು ಬರೆದಾಯಿತು.

ಮೊನ್ನೆ ಶುಕ್ರವಾರ ಮತ್ತೆ ಅದೇ ನೋವು. ನಿನ್ನ ಓಮಿನ ಕಾಳು ಅರ್ಧ ಡಬ್ಬಿ ಖಾಲಿಯಾಯಿತು, ನೋವು ಅಲ್ಲಾಡಲಿಲ್ಲ. ಟೆಸ್ಟಿನ ಹೆದರಿಕೆ ಎಂದು ಬರೆದಿದ್ದೀಯಲ್ಲ, ನಿನ್ನ ಲೆಕ್ಕವನ್ನೇ ಮಾಡಿ ತೋರಿಸುತ್ತೇನೆ. ಟೆಸ್ಟು ಪ್ರತಿ ಶನಿವಾರ ಇದೆ. ನೋವು ಬಂದದ್ದು ಜೂನ್ ಹದಿನಾಲ್ಕಕ್ಕೆ, ಆಮೇಲೆ ಜುಲೈ ಹನ್ನೆರಡಕ್ಕೆ. ನಡುವೆ ಮೂರು ಟೆಸ್ಟು ನೋವಿಲ್ಲದೆ ಬರೆದೆ. ಆದ್ದರಿಂದ ಟೆಸ್ಟು ಕಾರಣ ಅಲ್ಲ. ಬೇರೆ ಕಾರಣ ಹುಡುಕು.

ಬಾಳೆಹೊನ್ನೂರಿನ ಅತ್ತೆಗೆ ನಾನು ಏನೂ ಬರೆಯುವುದಿಲ್ಲ. ಬೇಸಿಗೆಯಲ್ಲಿ ಅವರ ಮನೆಯ ಜಗಲಿಯಲ್ಲಿ ನಾಲ್ಕು ಹೆಂಗಸರ ಎದುರು, “ಇನ್ನೂ ಇಲ್ವೇನೇ? ನಿನ್ನ ವಾರಗೆಯೋರಿಗೆಲ್ಲ ಆಗಿ ವರ್ಷ ಆಯ್ತಲ್ಲೇ” ಎಂದು ಕೇಳಿದರು. ಎಲ್ಲರೂ ನಕ್ಕರು. ನನಗೆ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಸ್ಕರ್ಟಿನ ಸೊಂಟ ಬಿಗಿಯಾಗುತ್ತಿದೆ. ಬೇರೆಯದು ಕಳಿಸುತ್ತೀಯಾ?

ನಿಚ್ಚಿ


ಮುತ್ತಿನಕೊಪ್ಪ
19 ಜುಲೈ 2024

ನಿಚ್ಚಿ,

ನಾನು ಟೈಲರು, ವಕೀಲನಲ್ಲ. ನಿನ್ನ ವಾದಕ್ಕೆ ಉತ್ತರ ಕೊಡಲು ನನ್ನಿಂದಾಗದು. ಸರಿ, ಟೆಸ್ಟು ಅಲ್ಲ. ಹಾಸ್ಟೆಲಿನ ಸಾಂಬಾರು ಇರಬೇಕು.

ಅತ್ತೆ ಏನು ಕೇಳಿದಳು ಎಂದು ನನಗೆ ಅರ್ಥವಾಗಲಿಲ್ಲ. ಮಾರ್ಕ್ಸ್ ಕಾರ್ಡು ಬಂತಾ ಎಂದು ಕೇಳಿರಬೇಕು. ಅವಳ ಬಾಯಿ ಹಾಗೇ, ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಸ್ಕರ್ಟು ಕಳಿಸಿದ್ದೇನೆ. ಇಪ್ಪತ್ತೈದೂವರೆಗೆ ಬಿಟ್ಟಿದ್ದೇನೆ, ಒಳಗೆ ಇನ್ನೂ ಎರಡು ಇಂಚು ಬಟ್ಟೆ ಮಡಿಸಿದೆ. ಅಂತೂ ಮೈ ತುಂಬಿಕೊಂಡಳು ನನ್ನ ಮಗಳು! ಹೋದ ವರ್ಷ ಹಗ್ಗಕ್ಕೆ ಬಟ್ಟೆ ಒಣಗಿಸಿದ ಹಾಗಿದ್ದೆ. ಖುಷಿಯಾಯಿತು.

ಅಪ್ಪ


ಕೊಪ್ಪ
11 ಆಗಸ್ಟ್ 2024, ಭಾನುವಾರ

ಅಪ್ಪಾ,

ಕ್ಷೇಮ.

ಮತ್ತೆ ಶುಕ್ರವಾರ, ಒಂಬತ್ತನೇ ತಾರೀಕು. ಸರಿಯಾಗಿ ಇಪ್ಪತ್ತೆಂಟು ದಿನ. ಈ ಸಲ ವಾಂತಿಯೂ ಆಯಿತು. ಅರ್ಪಣಾ ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಹೊಟ್ಟೆಯ ಮೇಲೆ ಇಟ್ಟಳು. ಸಾಂಬಾರನ್ನು ನೂರಿಪ್ಪತ್ತು ಜನ ತಿನ್ನುತ್ತೇವೆ. ಮಲಗಿದ್ದು ನಾನೊಬ್ಬಳೇ.

ಮುಂದಿನ ಲೆಕ್ಕ ಸೆಪ್ಟೆಂಬರ್ ಆರಕ್ಕೆ ಬರುತ್ತದೆ. ಅವತ್ತು ಗೌರಿ ಹಬ್ಬ, ನಾನು ಮನೆಯಲ್ಲಿರುತ್ತೇನೆ. ನೀನೇ ಕಣ್ಣಾರೆ ನೋಡು. ನೋಡಿದ ಮೇಲೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ತಮಾಷೆ ಮಾಡಬೇಡ ಅಪ್ಪ, ನನಗೆ ನಿಜವಾಗಿ ಹೆದರಿಕೆಯಾಗಿದೆ.

ನಿಚ್ಚಿ


ಮುತ್ತಿನಕೊಪ್ಪ
13 ಸೆಪ್ಟೆಂಬರ್ 2024

ನಿಚ್ಚಿ,

ಹಬ್ಬಕ್ಕೆ ಬಂದವಳು ಮೂರು ದಿನ ಚಾಪೆ ಬಿಟ್ಟು ಏಳಲಿಲ್ಲ. ಕಡುಬು ಮಾಡಿದ್ದೆ, ಮುಟ್ಟಲಿಲ್ಲ. ನನ್ನ ಹೊಟ್ಟೆ ಉರಿದುಹೋಯಿತು. ಮೂರು ತಿಂಗಳು ಕಾಗದ ಬರೆದರೂ ನಗೆಯಾಡಿದೆನಲ್ಲ, ತಪ್ಪಾಯಿತು.

ನಿನ್ನ ಎದುರು ಹೇಳಲು ನಾಚಿಕೆಯಾದದ್ದನ್ನು ಇಲ್ಲಿ ಬರೆಯುತ್ತೇನೆ. ನಿನ್ನನ್ನು ಕರೆದುಕೊಂಡು ಹೋದ ಎನ್.ಆರ್.ಪುರದ ಆ ಕ್ಲಿನಿಕ್ಕಿನಲ್ಲಿ ಡಾಕ್ಟರು, “ತಿಂಗಳು ತಿಂಗಳು ಸರಿಯಾಗಿ ಆಗ್ತಿದ್ಯಾ?” ಎಂದು ಕೇಳಿದರಲ್ಲ. ಕೋಣೆಯಲ್ಲಿ ಇನ್ನೂ ಇಬ್ಬರು ಪೇಶೆಂಟು, ಬಾಗಿಲಲ್ಲಿ ಕಾಂಪೌಂಡರು. ನೀನು ತಲೆ ತಗ್ಗಿಸಿದೆ. ಅಷ್ಟು ಜನರ ಎದುರು ನನ್ನ ಮಗಳ ಬಾಯಲ್ಲಿ ಆ ಮಾತು ಬರಬಾರದು ಎಂದು ನಾನೇ, “ಹ್ಞೂಂ ಸರ್, ಎಲ್ಲಾ ಸರಿ ಇದೆ” ಎಂದುಬಿಟ್ಟೆ. ಅವರೂ, “ಹಂಗಾದ್ರೆ ಇದು ಆ ನೋವೇ. ಈ ವಯಸ್ಸಿಗೆ ಮಾಮೂಲಿ. ಪ್ರತಿ ತಿಂಗಳು ಮೂರು ದಿನ ಮಾತ್ರೆ ತಗೊಳ್ಳಲಿ” ಎಂದು ಬರೆದುಕೊಟ್ಟರು. ಹೊಟ್ಟೆ ಮುಟ್ಟಿ ನೋಡಲೂ ಇಲ್ಲ.

ನನಗೆ ಹೇಗೆ ಗೊತ್ತು ಎಂದು ಬೇಜಾರು ಮಾಡಿಕೊಳ್ಳಬೇಡ. ಬೇಸಿಗೆಯಲ್ಲಿ ನಿನ್ನ ಟ್ರಂಕು ಒರೆಸುವಾಗ ಹೆಂಗಸರ ಆ ಪ್ಯಾಕೆಟ್ಟು ಕಂಡಿತ್ತು. ಮುಚ್ಚಿಟ್ಟು ಸುಮ್ಮನಾದೆ. ತಾಯಿ ಇಲ್ಲದ ಮನೆ, ಆರತಿ ಗೀರತಿ ಎಂದು ಗದ್ದಲ ಬೇಡ ಎಂದು ಬಾಳೆಹೊನ್ನೂರಿನ ಅಕ್ಕ ಸದ್ದಿಲ್ಲದೆ ಮುಗಿಸಿರಬೇಕು ಎಂದುಕೊಂಡೆ. ಅವತ್ತು ನಿನ್ನಮ್ಮನ ಫೋಟೋದ ಎದುರು ಸ್ವಲ್ಪ ಹೊತ್ತು ಕೂತಿದ್ದೆ. ಮಗಳು ದೊಡ್ಡವಳಾದಳು ಕಣೇ ಎಂದು ಹೇಳಿದೆ.

ಮಾತ್ರೆ ತಪ್ಪಿಸಬೇಡ. ಈಗ ಕಾರಣ ಗೊತ್ತಾಯಿತಲ್ಲ, ಹೆದರಬೇಡ.

ಅಪ್ಪ


ಕೊಪ್ಪ
27 ಅಕ್ಟೋಬರ್ 2024, ಭಾನುವಾರ

ಅಪ್ಪಾ,

ನಾನು ಕ್ಷೇಮ. ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ.

ದಸರಾ ರಜೆಯಲ್ಲಿ ನೀನು ಸಡಿಲ ಮಾಡಿಕೊಟ್ಟ ಸ್ಕರ್ಟೂ ಬಿಗಿಯಾಗಿದೆ. ಹುಕ್ಕು ಹಾಕದೆ ಪಿನ್ನು ಚುಚ್ಚಿಕೊಂಡು ಹೋಗುತ್ತಿದ್ದೇನೆ. ಕ್ಲಾಸಿನ ಮಧ್ಯೆ ಎರಡೆರಡು ಸಲ ಹೊರಗೆ ಹೋಗಬೇಕಾಗುತ್ತದೆ. ಯೋಗೇಂದ್ರ ಸರ್, “ಏನಮ್ಮಾ, ನಿಂಗೆ ಲೆಕ್ಕ ಕಂಡ್ರೆ ಇತ್ತೀಚೆಗೆ ಅಲರ್ಜಿಯಾ?” ಎಂದರು. ಎಲ್ಲರೂ ನಕ್ಕರು.

ಬುಧವಾರ ಆರೋಗ್ಯ ತಪಾಸಣೆಗೆ ಡಾಕ್ಟರ ತಂಡ ಬಂದಿತ್ತು. ಹಲ್ಲು, ಕಣ್ಣು, ತೂಕ ನೋಡಿದರು. ಮುಟ್ಟಿನ ತೊಂದರೆ ಇರುವವರು ಕೈ ಎತ್ತಿ ಎಂದು ಎಲ್ಲರ ಎದುರೇ ಕೇಳಿದರು. ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ದೀಪಾವಳಿಗೆ ಬರುವುದಿಲ್ಲ. ಬಸ್ಸಿನಲ್ಲಿ ಅಷ್ಟು ಹೊತ್ತು ಕೂರಲು ಆಗುವುದಿಲ್ಲ. ಓದುವುದಿದೆ ಎಂದೇ ಇಟ್ಟುಕೋ.

ನಿಚ್ಚಿ


ಮುತ್ತಿನಕೊಪ್ಪ
2 ನವೆಂಬರ್ 2024

ನಿಚ್ಚಿ,

ನೀನಿಲ್ಲದ ದೀಪಾವಳಿ ಸಪ್ಪೆ. ಒಂದೇ ಒಂದು ಹೂಕುಂಡ ಹಚ್ಚಿ ಒಳಗೆ ಬಂದೆ.

ಪುಟ್ಟಪ್ಪನ ಕೈಲಿ ಎರಡು ಸ್ಕರ್ಟು ಕಳಿಸಿದ್ದೇನೆ. ರಜೆಯಲ್ಲಿ ಟೇಪು ಹಿಡಿದಾಗ ಇಪ್ಪತ್ತೇಳೂವರೆ ಇತ್ತು, ಇವಕ್ಕೆ ಇಪ್ಪತ್ತೆಂಟೂವರೆ ಇಟ್ಟಿದ್ದೇನೆ. ಮುಖ ನೋಡಿದರೆ ಇಳಿದ ಹಾಗಿತ್ತು, ಸೊಂಟ ಮಾತ್ರ ಬೆಳೆಯುತ್ತಿದೆ. ಒಂದೇ ಕಡೆ ಕೂತು ಓದಿದರೆ ಹಾಗೇ. ಸಂಜೆ ಸ್ವಲ್ಪ ಓಡಾಡು.

ಅಪ್ಪ


ಮುತ್ತಿನಕೊಪ್ಪ
5 ಡಿಸೆಂಬರ್ 2024

ನಿಶ್ಚಿತಾ,

ಇವತ್ತು ಹನ್ನೊಂದು ಗಂಟೆಗೆ ನಿಮ್ಮ ವಾರ್ಡನ್ ಫೋನ್ ಮಾಡಿದ್ದರು. “ಮಗಳ ಹೊಟ್ಟೆ ನೋಡಿದೀರಾ ಕಾಂತೇಶ್ ಅವ್ರೇ? ಹುಡ್ಗೀರು ಅವ್ರವ್ರಲ್ಲೇ ಮಾತಾಡ್ಕೊಳ್ತಿದಾರೆ. ಒಂದು ಟೆಸ್ಟ್ ಮಾಡ್ಸಿಬಿಡೋದು ಒಳ್ಳೇದು” ಎಂದರು. ಯಾವ ಟೆಸ್ಟು ಎಂದು ಕೇಳಿದೆ. ಆ ಹೆಂಗಸು ಹೇಳದೆ ಫೋನ್ ಇಟ್ಟರು. ಆಮೇಲೆ ಗೊತ್ತಾಯಿತು.

ಅಂಗಡಿ ಮುಚ್ಚಿ ಅಳತೆ ಪುಸ್ತಕ ತೆಗೆದು ನೋಡಿದೆ. ಜೂನಿನಲ್ಲಿ ಇಪ್ಪತ್ತನಾಲ್ಕು. ಜುಲೈಯಲ್ಲಿ ಇಪ್ಪತ್ತೈದೂವರೆ. ಅಕ್ಟೋಬರಿನಲ್ಲಿ ಇಪ್ಪತ್ತೇಳೂವರೆ. ತೋಳು ಅಷ್ಟೇ ಇದೆ, ಎದೆ ಅಷ್ಟೇ ಇದೆ, ಹೊಟ್ಟೆಯೊಂದೇ ಬೆಳೆದಿದೆ. ನನ್ನ ಕೈಯಿಂದಲೇ ಬರೆದುಕೊಂಡು, ಮೈ ತುಂಬಿಕೊಂಡಳು ಎಂದು ಖುಷಿಪಟ್ಟೆ. ಥೂ, ನನ್ನ ಜನ್ಮಕ್ಕಿಷ್ಟು.

ಯಾರು? ಬೇಸಿಗೆಯಲ್ಲಿ ಪಕ್ಕದ ಮನೆಯ ಉಜ್ವಲ್ ಲೆಕ್ಕ ಹೇಳಿಸಿಕೊಳ್ಳಲು ದಿನಾ ಬರುತ್ತಿದ್ದನಲ್ಲ, ಅವನಾ? ಹೊಟ್ಟೆನೋವು ಹೊಟ್ಟೆನೋವು ಎಂದು ಬರೆದದ್ದೆಲ್ಲ ಇದಕ್ಕೇನಾ? ನನ್ನನ್ನು ಎಂಥ ಮಂಗ ಮಾಡಿದೆ ನೀನು.

ಅಲ್ಲಿಗೆ ಬಂದು ನಿನ್ನ ಮುಖ ನೋಡುವ ಶಕ್ತಿ ನನಗಿಲ್ಲ. ಇದನ್ನು ನೋಡಲು ನಿನ್ನಮ್ಮ ಇಲ್ಲದ್ದೇ ಒಳ್ಳೆಯದಾಯಿತು.

ಕಾಂತೇಶ


ಮುತ್ತಿನಕೊಪ್ಪ
11 ಡಿಸೆಂಬರ್ 2024

ನಿಚ್ಚಿ,

ನಿನ್ನೆ ಸಂಜೆ ಮೇಡಂ ಮತ್ತೆ ಫೋನ್ ಮಾಡಿದರು. ಟೆಸ್ಟು ಮಾಡಿಸಿದೆವು, ಅಂಥದ್ದೇನೂ ಇಲ್ಲ ಎಂದರು. ಬೆಳಿಗ್ಗೆ ಮೊದಲ ಬಸ್ಸಿಗೆ ಬಾಳೆಹೊನ್ನೂರಿಗೆ ಹೋಗಿ ವೀರಭದ್ರನಿಗೆ ಕಾಯಿ ಒಡೆಸಿ ಬಂದೆ. ಎದೆಯ ಮೇಲಿನ ಬಂಡೆ ಇಳಿಯಿತು.

ಗ್ಯಾಸು ಇರಬೇಕು, ಮಕ್ಕಳು ಬೇಕರಿ ತಿಂಡಿ ತಿನ್ನುವುದು ಜಾಸ್ತಿ ಎಂದರು ಮೇಡಂ. ಹಾಗೇ ಇರಬೇಕು. ಕರಿದದ್ದು ತಿನ್ನಬೇಡ.

ಹಿಂದಿನ ಕಾಗದವನ್ನು ಓದಿದ್ದರೆ ಹರಿದು ಒಲೆಗೆ ಹಾಕು. ಕೋಪದಲ್ಲಿ ಬರೆದದ್ದು. ನನ್ನ ಜಾಗದಲ್ಲಿ ಯಾವ ಅಪ್ಪನಿದ್ದರೂ ಹಾಗೇ ಬರೆಯುತ್ತಿದ್ದ. ಮರೆತುಬಿಡು.

ಅಪ್ಪ


ಕೊಪ್ಪ
15 ಡಿಸೆಂಬರ್ 2024, ಭಾನುವಾರ

ಅಪ್ಪನಿಗೆ,

ನಾನು ಕ್ಷೇಮ.

ನಿಶ್ಚಿತಾ


ಮುತ್ತಿನಕೊಪ್ಪ
20 ಡಿಸೆಂಬರ್ 2024

ನಿಚ್ಚಿ, ನನ್ನವ್ವಾ,

ಎರಡೇ ಪದದ ಕಾಗದ ಬಂತು. ಹಿಂದೆ ಮುಂದೆ ತಿರುಗಿಸಿ ನೋಡಿದೆ. ಲಕೋಟೆಯ ಒಳಗೂ ಇಣುಕಿದೆ.

ಯಾವ ಅಪ್ಪನಿದ್ದರೂ ಹಾಗೇ ಬರೆಯುತ್ತಿದ್ದ ಎಂದು ಬರೆದೆನಲ್ಲ, ಅದು ಸುಳ್ಳು. ಶೇಷಪ್ಪನಿಗೂ ಇಬ್ಬರು ಹೆಣ್ಣುಮಕ್ಕಳು. ಕೇಳಿದರೆ, “ನಾನಾಗಿದ್ರೆ ಮೊದ್ಲು ಬಸ್ ಹತ್ತಿ ಹೋಗಿ ಮಗೂನ ನೋಡ್ತಿದ್ದೆ ಮಾರಾಯ” ಎಂದ. ಅವನಿಗೆ ಗೊತ್ತಾದದ್ದು ನನಗೆ ಗೊತ್ತಾಗಲಿಲ್ಲ. ಬೈದು ಬರೆ, ಉಗಿದು ಬರೆ, ನಿನ್ನ ಲೆಕ್ಕದ ವಾದ ಮಾಡು. ಸುಮ್ಮನಿರಬೇಡ. ಈ ಮನೆಯಲ್ಲಿ ನನಗೆ ಮಾತಾಡಲು ಇರುವುದು ನೀನೊಬ್ಬಳೇ.

ಇಪ್ಪತ್ತೆಂಟನೇ ತಾರೀಕು ಶನಿವಾರ ನಾನೇ ಬರುತ್ತೇನೆ. ಮದುವೆ ಸೀಸನ್ನಿನ ಬ್ಲೌಸು ಗುಡ್ಡೆ ಬಿದ್ದಿದೆ, ಅದೊಂದು ಮುಗಿಸಿ ಬಂದುಬಿಡುತ್ತೇನೆ.

ಅಪ್ಪ


ಶಿವಮೊಗ್ಗ, ಆಸ್ಪತ್ರೆ
29 ಡಿಸೆಂಬರ್ 2024, ಭಾನುವಾರ

ನಿಚ್ಚಿ,

ನೀನು ಒಳಗೆ ಮಲಗಿದ್ದೀಯ. ನಾನು ಹೊರಗೆ ಬೆಂಚಿನ ಮೇಲಿದ್ದೇನೆ. ಮಾತಾಡಲು ಬಂದರೆ ಗೋಡೆಯ ಕಡೆ ತಿರುಗುತ್ತೀಯ. ಅದಕ್ಕೆ ನರ್ಸಮ್ಮನ ಹತ್ತಿರ ಹಾಳೆ ಕೇಳಿ ಬರೆಯುತ್ತಿದ್ದೇನೆ. ಅತ್ತೆ ಬಂದಿದ್ದಾಳೆ, ಅವಳ ಕೈಲಿ ಕಳಿಸುತ್ತೇನೆ.

ಶನಿವಾರ ಬರುತ್ತೇನೆ ಎಂದಿದ್ದೆ, ನಿನಗೆ ಶುಕ್ರವಾರವೇ ಆಯಿತು. ಹಿಂದಿನ ದಿನದಿಂದ ಮೂತ್ರ ಹೋಗದೆ ನೀನು ಮಂಚದ ಕೆಳಗೆ ಮುದುಡಿ ಬಿದ್ದಿದ್ದೆಯಂತೆ. ಅರ್ಪಣಾ ಆಫೀಸಿಗೆ ಓಡಿ ಹೋಗಿ ಕೂಗಾಡಿದಳಂತೆ. ಆ ಹುಡುಗಿಗೆ ನಾನು ಏನು ಕೊಟ್ಟರೂ ಕಡಿಮೆ.

ನಾನು ಕೊಪ್ಪದ ಆಸ್ಪತ್ರೆಗೆ ಬರುವಷ್ಟರಲ್ಲಿ ಮೂತ್ರಕ್ಕೆ ನಳಿಕೆ ಹಾಕಿದ್ದರು. ಅಲ್ಲಿನ ಲೇಡಿ ಡಾಕ್ಟರು ಎಲ್ಲರನ್ನೂ ಹೊರಗೆ ಕಳಿಸಿ, ಬಾಗಿಲು ಹಾಕಿ, ನಿನ್ನನ್ನೊಬ್ಬಳನ್ನೇ ಕೂರಿಸಿಕೊಂಡು ಕೇಳಿದರು. ಸ್ಕ್ಯಾನು ಮಾಡಿದ ಮೇಲೆ ನನ್ನನ್ನು ಕರೆದರು.

“ಇವ್ಳು ಇನ್ನೂ ಮೈನೆರೆದಿಲ್ಲ. ಗೊತ್ತಿತ್ತಾ ನಿಮ್ಗೆ?”

ನಾನು ಇಲ್ಲ ಎಂದು ತಲೆಯಾಡಿಸಿದೆ.

“ಹುಟ್ಟಿದಾಗಿಂದ್ಲೇ ದಾರಿಗೆ ಒಂದು ತೆಳು ಪೊರೆ ಅಡ್ಡ ಇದೆ. ತಿಂಗಳು ತಿಂಗಳು ಒಳಗೆ ಆಗೋದು ಆಗ್ತಾನೇ ಇದೆ, ಹೊರಗೆ ಬರೋಕೆ ದಾರಿ ಇಲ್ಲ. ಆರೇಳು ತಿಂಗಳ ರಕ್ತ ಅಲ್ಲೇ ನಿಂತಿದೆ. ಹೊಟ್ಟೆ ದಪ್ಪ ಆಗಿದ್ದು ಅದೇ, ಮೂತ್ರ ಕಟ್ಟಿದ್ದೂ ಅದೇ. ಹದಿನಾಲ್ಕು ತುಂಬಿದ ಹುಡ್ಗಿ, ಇನ್ನೂ ಆಗಿಲ್ಲ, ತಿಂಗಳಿಗೊಂದ್ಸಲ ಸರಿಯಾಗಿ ನೋವು ಬರತ್ತೆ ಅಂದ್ರೆ ಕಾಯ್ಬಾರ್ದು ಕಣ್ರೀ. ಮೊದಲ್ನೇ ಸಲ ನೋವು ಬಂದಾಗ್ಲೇ ಕರ್ಕೊಂಡು ಬಂದಿದ್ರೆ ಹತ್ತು ನಿಮಿಷದ ಕೆಲಸ ಇತ್ತು.”

ಯಾರೂ ನೋಡಲಿಲ್ಲವಾ ಎಂದು ಕೇಳಿದರು. ನೋಡಿದರು, ನಾನು ಸುಳ್ಳು ಹೇಳಿದೆ ಎಂದೆ. ಬೇಕೆಂದು ಹೇಳಿದ ಸುಳ್ಳಲ್ಲ ನಿಚ್ಚಿ. ನನಗೆ ಗೊತ್ತು ಎಂದುಕೊಂಡೇ ಹೇಳಿದೆ. ಆದರೆ ಗೊತ್ತಿರಲಿಲ್ಲ. ನಿನ್ನನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು, ಕೇಳಲಿಲ್ಲ. ನಿನ್ನ ಸೊಂಟವನ್ನು ಮೂರು ಸಲ ಪುಸ್ತಕದಲ್ಲಿ ಬರೆದೆ, ಒಂದು ಸಲವೂ ಏಕೆ ಎಂದು ಕೇಳಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ, ಕೇಳಬಾರದ ಪ್ರಶ್ನೆ. ಟೆಸ್ಟಿನಲ್ಲಿ ಏನೂ ಇಲ್ಲ ಎಂದ ಕೂಡಲೇ ಕಾಯಿ ಒಡೆಸಲು ಓಡಿದೆ. ಏನೂ ಇಲ್ಲದಿದ್ದರೆ ಹೊಟ್ಟೆ ಏಕೆ ಊದಿದೆ ಎಂದು ನಾನೂ ಯೋಚಿಸಲಿಲ್ಲ, ಆ ಮೇಡಮ್ಮೂ ಯೋಚಿಸಲಿಲ್ಲ. ನಮ್ಮ ಮಾನ ಉಳಿಯಿತಲ್ಲ, ಅಷ್ಟೇ ಸಾಕಾಗಿತ್ತು.

ಅವರೇ ಇಲ್ಲಿಗೆ ಕಳಿಸಿದರು, ನಿನ್ನೆ ಆಪರೇಷನ್ ಆಯಿತು. ಸ್ವಲ್ಪ ಕೀವಾಗಿತ್ತಂತೆ, ಕ್ಲೀನ್ ಮಾಡಿದ್ದಾರೆ. ಜ್ವರ ಇಳಿಯುತ್ತಿದೆ. ಎಲ್ಲಾ ಸರಿ ಇದೆ, ಚಿಂತೆ ಮಾಡಬೇಡ.

ನಾನು ಸಾಯುವವರೆಗೂ ಆ ಡಿಸೆಂಬರ್ ಐದರ ಕಾಗದ ನನ್ನ ಕಣ್ಣ ಮುಂದೆ ಇರುತ್ತದೆ. ಕ್ಷಮಿಸು ಎಂದು ಕೇಳಲು ಬಾಯಿಲ್ಲ. ಒಂದು ಲೋಟ ಗಂಜಿ ಕುಡಿ ನನ್ನವ್ವಾ.

ಅಪ್ಪ


ಹಾಸ್ಟೆಲ್, ಕೊಪ್ಪ
2 ಫೆಬ್ರವರಿ 2025, ಭಾನುವಾರ

ಅಪ್ಪನಿಗೆ,

ಹಾಸ್ಟೆಲಿಗೆ ಬಂದು ಒಂದು ವಾರವಾಯಿತು. ಈಗ ಮೇಡಂ ನನ್ನ ಕಾಗದ ಓದುವುದಿಲ್ಲ, ನಾನೇ ಬೇಡ ಎಂದೆ. ಕ್ಷೇಮ ಎಂದೂ ಬರೆಯುವುದಿಲ್ಲ. ನೀನು ಎಂದು ಬರೆಯಲು ಹೊರಟರೆ ಕೈ ಮುಂದೆ ಹೋಗುತ್ತಿಲ್ಲ. ಸ್ವಲ್ಪ ದಿನ ನೀವು ಎಂದೇ ಬರೆಯುತ್ತೇನೆ.

ಆಸ್ಪತ್ರೆಯಲ್ಲಿ ಕೊಟ್ಟ ಕಾಗದ ಓದಿದೆ. ಅದರಲ್ಲಿ ಎಲ್ಲಾ ಸರಿ ಇದೆ ಎಂದು ಬರೆದಿದ್ದೀರಿ. ಆಸ್ಪತ್ರೆಯಿಂದ ಬಾಳೆಹೊನ್ನೂರಿಗೆ ಹೋಗಿದ್ದಾಗ ಅತ್ತೆ ಡಿಸ್ಚಾರ್ಜ್ ಫೈಲನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದರು. ಅವರು ಹಾಲು ತರಲು ಹೋದಾಗ ತೆಗೆದು ಓದಿದೆ. ಅರ್ಥವಾಗದ ಪದಗಳನ್ನು ಬರೆದಿಟ್ಟುಕೊಂಡು ಇಲ್ಲಿ ಸೈನ್ಸ್ ಮಿಸ್ ಹತ್ತಿರ ಕೇಳಿದೆ. ಬಲಗಡೆಯ ಗರ್ಭನಾಳವನ್ನು ತೆಗೆದಿದ್ದಾರೆ. ಎಡಗಡೆಯದು ಕೀವಿನಿಂದ ಹಾಳಾಗಿದೆ, ಉಳಿದರೂ ಕೆಲಸ ಮಾಡುತ್ತದೋ ಇಲ್ಲವೋ ಹೇಳಲಾಗದು. ಮೂತ್ರಪಿಂಡವೂ ಊದಿದೆ, ಅದನ್ನು ನೋಡುತ್ತಿರಬೇಕು. ನಿಮಗೆ ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು. ಮದುವೆಯಾಗುವವರೆಗೆ ಯಾರಿಗೂ, ನನಗೂ, ಹೇಳಬಾರದು ಎಂದು ನೀವಿಬ್ಬರೂ ಮಾತಾಡಿಕೊಂಡಿದ್ದೀರಿ. ಹಾಲ್ ಬಾಗಿಲಿನ ಹಿಂದೆ ನಿಂತು ಕೇಳಿಸಿಕೊಂಡೆ.

ನನ್ನ ತಪ್ಪನ್ನೂ ಹೇಳುತ್ತೇನೆ. ಸ್ಕೂಲಿನಲ್ಲಿ ಎಲ್ಲರಿಗೂ ಆ ಪ್ಯಾಕೆಟ್ ಕೊಡುತ್ತಾರೆ. ನನಗೊಬ್ಬಳಿಗೆ ಆಗಿಲ್ಲ ಎಂದು ಹುಡುಗಿಯರು ಆಡಿಕೊಳ್ಳಬಾರದು ಎಂದು ನಾನೂ ತಿಂಗಳಿಗೊಂದು ತೆಗೆದುಕೊಂಡು, ಆದವಳ ಹಾಗೆ ನಟಿಸುತ್ತಿದ್ದೆ. ಕ್ಲಿನಿಕ್ಕಿನಲ್ಲಿ ನೀವು ಹ್ಞೂಂ ಎಂದಾಗ ಅಲ್ಲ ಎನ್ನಬೇಕು ಅನ್ನಿಸಿತ್ತು. ಅಂದರೆ ನಿಮ್ಮನ್ನು ಸುಳ್ಳುಗಾರ ಮಾಡಿದಂತೆ ಆಗುತ್ತಿತ್ತು. ಸುಮ್ಮನಿದ್ದೆ.

ದೊಡ್ಡವಳಾದಳು ಎಂದು ಅತ್ತೆ ಆರತಿ ಮಾಡಿದರು, ನಿಮ್ಮನ್ನು ಅವತ್ತು ಬರಬೇಡ ಎಂದಿದ್ದರಂತಲ್ಲ. ಹೊಲಿಗೆ ಬಿಚ್ಚಿ ಐದು ದಿನವಾಗಿತ್ತು. ಮಣೆಯ ಮೇಲೆ ಕೂರಿಸಿ, ಹೊಸ ಲಂಗ ಉಡಿಸಿ, ಎಳ್ಳು ಬೆಲ್ಲದ ಚಿಗಳಿ ತಿನ್ನಿಸಿದರು. ಜಗಲಿಯಲ್ಲಿ ನಕ್ಕಿದ್ದ ಅದೇ ಹೆಂಗಸರು ಬಂದು ಹಾಡು ಹೇಳಿದರು. ಮಡಿಲು ತುಂಬಿಸುವಾಗ ಒಬ್ಬರು, “ಹನ್ನೆರಡು ಹಡಿಯೇ ನನ್ನವ್ವ” ಎಂದು ಹರಸಿದರು. ಅತ್ತೆ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದರು. ನಾನು ಅಳಲಿಲ್ಲ. ಹೊಟ್ಟೆ ಎಳೆಯುತ್ತಿತ್ತು, ಬೇಗ ಮುಗಿದರೆ ಸಾಕು ಎಂದು ಕೂತಿದ್ದೆ.

ನಿಮ್ಮ ಆ ಕಾಗದವನ್ನು ಒಲೆಗೆ ಹಾಕು ಎಂದಿರಿ. ಹಾಕಿದರೂ ನನಗೆ ಬಾಯಿಪಾಠ ಬರುತ್ತದೆ. ಟೆಸ್ಟಿನ ದಿನ ಮೇಡಂ ಬಾತ್‌ರೂಮಿನ ಬಾಗಿಲ ಹೊರಗೆ ನಿಂತು, “ಬೇಗ ತಗೊಂಡು ಬಾ” ಎಂದು ಕೂಗುತ್ತಿದ್ದರು. ನನ್ನ ಕೈಯಲ್ಲಿ ಮೂತ್ರದ ಡಬ್ಬಿ ಇತ್ತು. ಅಪ್ಪ ಬರುತ್ತಾರೆ, ಬಂದು ಎಲ್ಲರಿಗೂ ಬೈಯುತ್ತಾರೆ ಎಂದುಕೊಂಡಿದ್ದೆ. ಮಾರನೆ ದಿನ ನಿಮ್ಮ ಆ ಕಾಗದ ಬಂತು. ಆಮೇಲೆ ನೋವು ಬಂದರೂ ಯಾರಿಗೂ ಹೇಳಬೇಕು ಅನ್ನಿಸಲಿಲ್ಲ. ಆಪರೇಷನ್ನಿನ ನೋವಿಗಿಂತ ಅದು ಜಾಸ್ತಿ ಅಪ್ಪ. ನಿಮಗೆ ಬೇಜಾರಾಗಲಿ ಎಂದು ಬರೆಯುತ್ತಿಲ್ಲ. ನಿಜವಾಗಿ ಜಾಸ್ತಿ.

ಈ ತಿಂಗಳು ಹದಿನಾಲ್ಕಕ್ಕೆ ಶಿವಮೊಗ್ಗಕ್ಕೆ ತೋರಿಸಲು ಹೋಗಬೇಕು. ಅತ್ತೆ ಬರುತ್ತೇನೆ ಎಂದರು, ಬೇಡ ಎಂದೆ. ನೀವೇ ಬನ್ನಿ. ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂರಿ. ಮಾತಾಡಿಸಬೇಡಿ, ಅಳು ಬರುತ್ತದೆ. ಡಾಕ್ಟರ ಕೋಣೆಗೆ ನಾನೊಬ್ಬಳೇ ಹೋಗುತ್ತೇನೆ. ಮುಂದೆ ನನಗೆ ಮಕ್ಕಳಾಗುತ್ತವೋ ಇಲ್ಲವೋ ಎಂದು ನಾನೇ ಕೇಳಬೇಕು. ಅವರು ಏನು ಹೇಳುತ್ತಾರೋ ಅದನ್ನು ಹೊರಗೆ ಬಂದು ಮೊದಲು ನಿಮಗೇ ಹೇಳುತ್ತೇನೆ. ನೀವು ಎದ್ದು ಹೋಗದೆ ಕೇಳಿಸಿಕೊಳ್ಳಿ.

ನಿಶ್ಚಿತಾ